ಹೆಬ್ಬೆರಳಷ್ಟು ಹಸಿರು

ಬೆಳಕು ಇನ್ನೂ ಕಿಟಕಿಯ ಮೇಲಿನ ಗಾಜಿನಲ್ಲಷ್ಟೇ ಇದೆ. ನೆಲಮಾಳಿಗೆಯ ಕೋಣೆಯಲ್ಲಿ ಒಬ್ಬರು ಮೇಜಿನ ಮೇಲೆ ಬಾಗಿ, ಉಸಿರು ಹಿಡಿದು, ಒಂದು ಮನೆಯನ್ನು ಚಿಮಟದಲ್ಲಿ ಎತ್ತುತ್ತಿದ್ದಾರೆ. ಮನೆ ಕಿರುಬೆರಳಿನ ಉಗುರಿನಷ್ಟಿದೆ. ಅದರ ತಳಕ್ಕೆ ಸೂಜಿಯ ಮೊನೆಯಿಂದ ಅಂಟು ಮುಟ್ಟಿಸುತ್ತಾರೆ. ಜಾಗ ನೋಡಿ ಇಳಿಸುತ್ತಾರೆ. ಒತ್ತುವುದಿಲ್ಲ. ಮನೆ ಕೂರುವವರೆಗೂ ಚಿಮಟ ಅಲುಗುವುದಿಲ್ಲ. ಆಮೇಲೆ ಉಸಿರು ಬಿಟ್ಟು ನನ್ನ ಕಡೆ ತಿರುಗುತ್ತಾರೆ.

“ಈಗ ಕೇಳಿ. ಮನೆ ಇಳಿಸುವಾಗ ಮಾತ್ರ ಮಾತಾಡಿಸ್ಬೇಡಿ.”

ಈ ನಗರ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವರನ್ನು ಕರೆಯುವುದು ಅಂಟಣ್ಣ ಎಂದು. ಸದಾ ಬೆರಳಿಗೆ ಅಂಟು ಮೆತ್ತಿಕೊಂಡಿರುವವರಿಗೆ ಯಾವ ಕಾಲದಲ್ಲೋ ವಿದ್ಯಾರ್ಥಿಗಳು ಇಟ್ಟ ಹೆಸರು. ಮನೆಯಲ್ಲೂ ಅದೇ ನಡೆಯುತ್ತದೆಯಂತೆ. “ಹೆಂಡ್ತಿ ಅಣ್ಣ ಅನ್ನೋ ಹಾಗಿಲ್ವಲ್ಲ, ಸಿಟ್ಟು ಬಂದಾಗ ಬರೀ ಅಂಟು ಅಂತಾಳೆ.”

ಮೇಲಿನ ಮಹಡಿಗಳಲ್ಲಿ ಓದಿದವರು ಕೂತಿದ್ದಾರೆ. ಊರು ಯಾವ ಕಡೆ ಬೆಳೆಯಬೇಕು, ಮಳೆನೀರು ಎಲ್ಲಿ ಇಂಗಬೇಕು, ಬೇಸಿಗೆಯಲ್ಲಿ ಯಾವ ಬೀದಿ ಎಷ್ಟು ಕಾಯುತ್ತದೆ, ಜನ ಗಾಡಿ ಬಿಟ್ಟು ಬಸ್ಸಿಗೆ ನಡೆದು ಹೋಗುವಂತೆ ಮಾಡುವುದು ಹೇಗೆ, ಇವೆಲ್ಲ ಅವರ ಸಂಶೋಧನೆ. ಅವರು ಕಂಡುಕೊಂಡದ್ದು ಕೊನೆಗೆ ಮೆಟ್ಟಿಲಿಳಿದು ಈ ಕೋಣೆಗೆ ಬರುತ್ತದೆ. ಅಂಟಣ್ಣ ಅದನ್ನು ರಟ್ಟು, ಮರದ ಚೂರು, ಥರ್ಮೋಕೋಲಿನಲ್ಲಿ ಒಂದು ಪುಟ್ಟ ಊರಾಗಿ ಕಟ್ಟುತ್ತಾರೆ. ಊರಿನ ಹಣೆಬರಹ ನಿರ್ಧರಿಸುವವರು ವರದಿ ಓದುವುದು ಕಡಿಮೆ. ಮಾದರಿಯ ಸುತ್ತ ಒಂದು ಸುತ್ತು ಬರುತ್ತಾರೆ. ಬಾಗಿ ನೋಡುತ್ತಾರೆ. ಬೆರಳು ತೋರಿಸಿ ಒಂದು ಮಾತು ಹೇಳುತ್ತಾರೆ. ಅಲ್ಲಿಗೆ ಮುಗಿಯಿತು.

ಈಗ ಮೇಜಿನ ಮೇಲಿರುವ ಮಾದರಿ ಇವತ್ತು ನಗರಸಭೆಗೆ ಹೋಗಬೇಕು. ಕಾಲುವೆ ಪಕ್ಕದ ಹಳೆಯ ಬಡಾವಣೆಯನ್ನು ತಂಪಾಗಿ, ಹಸಿರಾಗಿ ಮಾಡುವ ಯೋಜನೆಗೆ ಕೊನೆಯ ಒಪ್ಪಿಗೆ ಸಿಗುವ ದಿನ. ಆ ಬಡಾವಣೆಯ ಒಂದು ಓಣಿಯಲ್ಲಿ ಆರು ಮನೆಗಳನ್ನು ತೆಗೆದು ಪುಟ್ಟ ಉದ್ಯಾನ ಮಾಡಬೇಕೆಂದು ಹಿಂದಿನ ನಕ್ಷೆ ಹೇಳಿತ್ತು. ಮನೆಗಳು ಉಳಿಯುತ್ತವೋ ಹೋಗುತ್ತವೋ ಇವತ್ತು ತಿಳಿಯುತ್ತದೆ.

ಆ ಮನೆಗಳಿಗೆ ಕುತ್ತು ಬಂದದ್ದು ಈ ಮನುಷ್ಯನ ಬಲಗೈ ಹೆಬ್ಬೆರಳಿನಿಂದ. ಹೀಗೆಂದೇ ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ ಎಂದು ನನಗೆ ಹೇಳಿದವರು ಅವರೇ. ಕೇಂದ್ರದ ಮುಖ್ಯಸ್ಥೆಯೂ ಬರೆಯಿರಿ ಎಂದರು.

ಅಂಟಣ್ಣ ಬಡಗಿಯ ಮಗ, ತಾವೂ ಬಡಗಿ. ಕೆಲಸ ಕಲಿಯುವ ವಯಸ್ಸಿನಲ್ಲಿ ಉಳಿ ಜಾರಿ ಹೆಬ್ಬೆರಳಿನ ಒಂದು ಬದಿ ಸೀಳಿಹೋಯಿತು. ಗಾಯ ಮಾಯಿತು. ಬೆರಳು ಆ ಬದಿಗೆ ಚಪ್ಪಟೆಯಾಗಿಯೇ ಉಳಿಯಿತು. ಕೇಂದ್ರಕ್ಕೆ ಅವರು ಮೊದಲು ಬಂದದ್ದು ಕಾಲು ಮುರಿದ ಕುರ್ಚಿಗಳನ್ನು ಸರಿಮಾಡಲು. ಆಗಿದ್ದ ಒಬ್ಬ ಪ್ರೊಫೆಸರ್, ಬೆಂಕಿಪೊಟ್ಟಣದ ಮೇಲೆ ನಿಲ್ಲುವಂಥ ಮೆಟ್ಟಿಲು ಮಾಡಿಕೊಡುತ್ತೀಯಾ ಎಂದು ಕೇಳಿದರು. ಮಾಡಿಕೊಟ್ಟರು. ಮರುದಿನ ಆ ಮೆಟ್ಟಿಲಿಗೆ ಒಂದು ಮನೆ ಬೇಕೆಂದರು. “ಆಮೇಲೆ ಬೀದಿ ಕೇಳಿದ್ರು. ಆಮೇಲೆ ಊರೇ ಕೇಳಿದ್ರು. ಕುರ್ಚಿ ಹಾಗೇ ಉಳೀತು.”

ಅಂದಿನಿಂದ ಅವರು ಹಂಗಾಮಿ ನೌಕರರೇ. ಥರ್ಮೋಕೋಲಿನ ಪುಡಿ ಗಂಟಲಲ್ಲಿ ಕೂತು, ಚಳಿಗಾಲದಲ್ಲಿ ಹಿಡಿದ ಕೆಮ್ಮು ಬೇಸಿಗೆಯವರೆಗೂ ಬಿಡುವುದಿಲ್ಲ. ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡು ಕೆಲಸ ಮಾಡುತ್ತಾರೆ. ಫ್ಯಾನು ಹಾಕುವಂತಿಲ್ಲ, ಗಾಳಿಗೆ ಮನೆಗಳು ಹಾರುತ್ತವೆ. ಹೊತ್ತೇರಿದರೆ ಬೆವರು ಹನಿದು ರಟ್ಟು ಉಬ್ಬುತ್ತದೆ. ಹಾಗಾಗಿ ನಸುಕಿಗೇ ಬರುತ್ತಾರೆ. ಒಳ್ಳೆಯ ದಿನ ಅರುವತ್ತು ಎಪ್ಪತ್ತು ಮನೆಗಳ ಒಂದು ಬೀದಿ ಮುಗಿಯುತ್ತದೆ. ಕೆಟ್ಟ ದಿನ ಹತ್ತೂ ಆಗುವುದಿಲ್ಲ. ಕೆಲಸ ಮುಗಿದ ಊರುಗಳು ಮೆಟ್ಟಿಲ ಕೆಳಗೆ ಗೋಡೆಗೆ ಒರಗಿ ನಿಂತಿವೆ. ಜಾಗ ಸಾಲದಾದಾಗ ಗುಜರಿಯವನು ಬರುತ್ತಾನೆ. ಅವನು ಬರುವ ಮೊದಲು ಅಂಟಣ್ಣ ಮರಗಳನ್ನಷ್ಟೇ ಕಿತ್ತಿಟ್ಟುಕೊಳ್ಳುತ್ತಾರೆ.

ಮರಗಳನ್ನು ಮಾಡುವುದು ಮನೆಯಲ್ಲಿ. ಒಣಗಿದ ಹೀರೆಕಾಯಿಯ ನಾರನ್ನು ಚೂರು ಮಾಡಿ, ಹಸಿರು ಬಣ್ಣದಲ್ಲಿ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒಣಹಾಕುತ್ತಾರೆ. ಅವರ ಹೆಂಡತಿ ಬಟ್ಟೆ ಹೊಲಿದುಕೊಡುತ್ತಾರೆ. ಹೊಲಿಗೆ ಯಂತ್ರದ ಹಿಂದಿನಿಂದಲೇ ನನಗೆ ಚಾಡಿ ಹೇಳಿದರು. ಬಣ್ಣ ಸೋಸಲು ಹೋಗಿ ಚಹಾದ ಜರಡಿಗಳೆಲ್ಲ ಹಾಳಾಗಿವೆಯಂತೆ, ನೆಂಟರಿಗೆ ಒಮ್ಮೆ ಹಸಿರು ಚಹಾ ಕೊಟ್ಟದ್ದೂ ಆಗಿದೆಯಂತೆ. “ಊರಿಗೆಲ್ಲಾ ಮನೆ ಕಟ್ಕೊಡ್ತಾರೆ. ನಮ್ಮನೆ ಬಚ್ಚಲ ಬಾಗಿಲು ಮಾತ್ರ ಈಗ್ಲೂ ಎತ್ತಿ ಹಾಕ್ಬೇಕು. ಕೇಳಿದ್ರೆ, ಅಷ್ಟು ದೊಡ್ಡ ಬಾಗಿಲು ಈಗ ಕೈಗೆ ಕೂರಲ್ಲ ಅಂತಾರೆ.”

ಮಾದರಿ ಮಾಡುವವರಲ್ಲಿ ಒಂದು ರೂಢಿ ಇದೆ. ಅಂಟು ಚೆಲ್ಲಿ ಕಲೆಯಾದರೆ ಅಲ್ಲೊಂದು ಮರ ನೆಡುವುದು. ರಟ್ಟಿನ ಮೂಲೆ ಕೂಡದಿದ್ದರೆ ಪೊದೆ. ಬ್ಲೇಡು ಜಾರಿ ಗೀರು ಬಿದ್ದರೆ ಹುಲ್ಲು. ಇದನ್ನು ಯಾರೂ ಕಲಿಸುವುದಿಲ್ಲ. ಮಹಡಿಯವರಿಗೆ ಯಾರೂ ಹೇಳುವುದೂ ಇಲ್ಲ. “ಯಾವ ಮಾಡೆಲ್ಲಾದ್ರೂ ನೋಡಿ. ಮರ ಜಾಸ್ತಿ ಇದ್ರೆ ಕೆಲಸ ಕೆಟ್ಟಿದೆ ಅಂತ.” ಹೇಳಿ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಈ ಬಡಾವಣೆಯದೇ ಹಿಂದಿನ ಮಾದರಿ ಪ್ರದರ್ಶನಕ್ಕೆ ಹೊರಡಬೇಕಿದ್ದ ಬೆಳಿಗ್ಗೆ ಅವರು ಅಂಟಿನ ಡಬ್ಬಿ ಅದಲುಬದಲು ಮಾಡಿದರು. ರಟ್ಟಿಗೆ ಹಾಕುವ ಅಂಟನ್ನು ಥರ್ಮೋಕೋಲಿಗೆ ಹಾಕಿದರೆ ಅದು ಬೆಣ್ಣೆಯಂತೆ ಕರಗುತ್ತದೆ. ಓಣಿಯ ಕೆಳಗಿನ ನೆಲ ಕುಸಿಯಿತು. ಮೇಲಿದ್ದ ಆರು ಮನೆಗಳು ಒಂದರ ಮೇಲೊಂದು ವಾಲಿದವು. ಹಿಡಿಯಲು ಹೋದ ಹೆಬ್ಬೆರಳು ಅಲ್ಲೇ ಒತ್ತಿಕೊಂಡಿತು. ಎತ್ತಿದಾಗ ಮನೆಗಳು ಬೆರಳಿಗೆ ಅಂಟಿಕೊಂಡು ಬಂದವು. ಹೊರಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ಅಂಟಣ್ಣ ಗುಳಿಬಿದ್ದ ಜಾಗಕ್ಕೆ ಹಸಿರು ಪುಡಿ ತುಂಬಿದರು. ಮೂರು ಮರ ನಿಲ್ಲಿಸಿದರು. ವಾಪಸು ಬಂದ ಮೇಲೆ ಸರಿಮಾಡಿದರಾಯಿತು ಎಂದುಕೊಂಡರು.

ಆ ಮಾದರಿ ವಾಪಸು ಬರಲಿಲ್ಲ. ಪ್ರದರ್ಶನದಲ್ಲಿ ಅದನ್ನು ಎಲ್ಲರೂ ಮೆಚ್ಚಿದರು. ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು, ಇಷ್ಟು ಇಕ್ಕಟ್ಟಾದ ಓಣಿಯೊಳಗೆ ಅಷ್ಟೇ ಅಷ್ಟು ಹಸಿರು ಇಟ್ಟದ್ದೇ ಇಡೀ ಯೋಜನೆಯ ಜೀವ ಎಂದರಂತೆ. ಯೋಜನೆಯ ಮಾದರಿಯಲ್ಲಿ ಇರುವ ಮನೆ ಉಳಿಯುವ ಮನೆ, ಇಲ್ಲದ ಮನೆ ತೆಗೆಯುವ ಮನೆ. ಮನೆ ತೆಗೆಯುವುದು ಮುಖ್ಯಸ್ಥೆಯ ತೀರ್ಮಾನ ಇರಬೇಕೆಂದು ಕಿರಿಯ ಸಂಶೋಧಕರು ತಿಳಿದರು. ಅದು ಕಿರಿಯರ ಯೋಚನೆ ಎಂದು ಮುಖ್ಯಸ್ಥೆ ತಿಳಿದರು. ಕಿರಿಯರು ಮಾದರಿಯ ಫೋಟೋ ನೋಡಿ ನಕ್ಷೆ ತಿದ್ದಿದರು.

ಕಿರಿಯ ಸಂಶೋಧಕಿಯೊಬ್ಬರು ಆಗಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನನಗೆ ತೋರಿಸಿದರು. ಬೇಸಿಗೆಯ ಮಧ್ಯಾಹ್ನ ಇಡೀ ಬಡಾವಣೆ ಕೆಂಪಗಿದೆ. ಓಣಿಯ ನಡುವೆ ಮಾತ್ರ ಒಂದು ನೀಲಿ ಚುಕ್ಕೆ, ಮೂರು ಮರಗಳ ತಂಪು. ಅದು ಅಕ್ಕಪಕ್ಕದ ಬೀದಿಗಳಿಗೂ ಸ್ವಲ್ಪ ಸ್ವಲ್ಪವೇ ಹರಡುತ್ತದೆ. ನೋಡಲು ಚೆನ್ನಾಗಿಯೇ ಇದೆ. “ಲೆಕ್ಕ ತಪ್ಪಿಲ್ಲ ಮೇಡಂ,” ಎಂದರು ಆಕೆ ಮೆಲ್ಲಗೆ. “ಅಲ್ಲಿ ಮರ ಇದ್ರೆ ನಿಜವಾಗ್ಲೂ ಅಷ್ಟು ತಂಪಾಗುತ್ತೆ.” ಆ ಲೆಕ್ಕ ಪ್ರಬಂಧವಾಯಿತು. ಪ್ರಬಂಧ ನಗರಸಭೆಗೆ ಹೋಯಿತು. ನಗರಸಭೆಯವರು ಬಂದು ಆರು ಬಾಗಿಲುಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು.

ಇದು ಯಾವುದೂ ಅಂಟಣ್ಣನಿಗೆ ಗೊತ್ತಾಗಲಿಲ್ಲ. ನೆಲಮಾಳಿಗೆಗೆ ಸುದ್ದಿ ಇಳಿಯುವುದಿಲ್ಲ, ನಕ್ಷೆ ಮಾತ್ರ ಇಳಿಯುತ್ತದೆ. ಅಂತಿಮ ಮಾದರಿಗೆಂದು ಹೊಸ ನಕ್ಷೆ ಬಂದ ದಿನ ಅದನ್ನು ಮೇಜಿಗೆ ಹಾಸಿದರು. ಓಣಿಯ ನಡುವೆ ಒಂದು ಹಸಿರು ತುಂಡು. ಪಕ್ಕದಲ್ಲಿ ಕಿರು ಉದ್ಯಾನ ಎಂದು ಬರೆದಿತ್ತು. ಸುತ್ತ ದುಂಡಗೆ, ಒಂದು ಬದಿ ಮಾತ್ರ ಚಪ್ಪಟೆ. ಅಂಟಣ್ಣ ಬಹಳ ಹೊತ್ತು ನೋಡಿದರು. ಕೊನೆಗೆ ಹೆಬ್ಬೆರಳನ್ನು ಅದರ ಮೇಲೆ ಇಟ್ಟರು. ಬೆರಳಿನ ಸುತ್ತ ಎಲ್ಲೂ ಹಸಿರು ಕಾಣಲಿಲ್ಲ.

“ಕೈ ತೆಗೆಯೋಕೇ ಆಗ್ಲಿಲ್ಲ,” ಎನ್ನುತ್ತಾರೆ. “ತೆಗೆದ್ರೆ ಮತ್ತೆ ಕಾಣುತ್ತಲ್ಲ.”

ಮೊದಲು ಹೇಳಿದ್ದು ಹೆಂಡತಿಗೆ. ಊಟಕ್ಕೆ ಕೂತವರು ಅರ್ಧಕ್ಕೇ ಕೈ ತೊಳೆದು ಎದ್ದರಂತೆ. ಹೇಳಿದರೆ ಕೆಲಸ ಹೋಗುತ್ತದೆ, ಈ ವಯಸ್ಸಿಗೆ ಇನ್ನೆಲ್ಲಿಗೆ ಹೋಗಲಿ, ಅಷ್ಟಕ್ಕೂ ಮೂರು ಮರ ಇಟ್ಟದ್ದು ಅಷ್ಟು ದೊಡ್ಡ ತಪ್ಪೇ ಎಂದೆಲ್ಲ ಹೇಳುತ್ತ ಹೋದರು. ಬಡಿಸಿ ಹೊಲಿಗೆಗೆ ಕೂತಿದ್ದ ಆಕೆ ಯಂತ್ರ ನಿಲ್ಲಿಸಿದರು.

“ಮೂರು ಮರ ಇಟ್ಟೆ ಅಂತ ಹೇಳ್ಬೇಡಿ. ಆರು ಮನೆ ತೆಗ್ದೆ ಅಂತ ಹೇಳಿ ನೋಡಿ. ಆಗ ನಿಮಗೇ ಗೊತ್ತಾಗುತ್ತೆ ಏನ್ ಮಾಡ್ಬೇಕು ಅಂತ.”

ಇಷ್ಟು ವರ್ಷ ಊರುಗಳನ್ನು ಕಟ್ಟಿದವರು ಕಟ್ಟಿದ ಯಾವ ಜಾಗಕ್ಕೂ ಒಮ್ಮೆಯೂ ಹೋದವರಲ್ಲ. ಮರುದಿನ ಆ ಓಣಿಗೆ ಹೋದರು. ಓಣಿಯ ಅಗಲ ಅವರಿಗೆ ಗೊತ್ತಿತ್ತು. ಅಲ್ಲಿನ ಸಾಬೂನಿನ ನೀರು, ಹುರಿಯುವ ಈರುಳ್ಳಿಯ ವಾಸನೆ, ಎರಡು ಮನೆಗೆ ಕೇಳುವ ಒಂದೇ ರೇಡಿಯೋ, ಇವು ಗೊತ್ತಿರಲಿಲ್ಲ. ಕೆಂಪು ಗುರುತಿನ ಬಾಗಿಲೊಂದರ ಮುಂದೆ ಮೆಟ್ಟಿಲ ಮೇಲೆ ಅಜ್ಜಿಯೊಬ್ಬರು ಕೂತಿದ್ದರು. ಗೋಡೆಗಳನ್ನೇ ನೋಡುತ್ತ ಬಂದ ಇವರನ್ನು ನಗರಸಭೆಯವರೆಂದು ತಿಳಿದರು.

“ಬಾರಪ್ಪ, ನೀನೂ ಅಳ್ಕೋ,” ಎಂದರಂತೆ. “ಮೊನ್ನೆ ಬಂದೋನು ಹನ್ನೊಂದಡಿ ಅಂದ, ನಿನ್ನೆ ಬಂದೋನು ಹನ್ನೆರಡು ಅಂದ. ಹೀಗೆ ಅಳೀತಾನೇ ಇದ್ರೆ ಮನೆ ದೊಡ್ಡದಾಗುತ್ತೇನೋ.”

ಅಂಟಣ್ಣ ಕುಡಿಯಲು ನೀರು ಕೇಳಿದರು. ಅಜ್ಜಿ ಒಳಗೆ ಹೋದಾಗ ಪಕ್ಕದ ಜಾಗ ಕಂಡಿತು. ಅಲ್ಲಿ ಮನೆ ಇರಲಿಲ್ಲ, ಇಟ್ಟಿಗೆ ಇತ್ತು. ಬೀಗ ರಿಪೇರಿ ಮಾಡುವವರೊಬ್ಬರ ಮನೆಯಂತೆ ಅದು. ಹೇಗೂ ಕೆಡವುತ್ತಾರೆ, ಬುಲ್ಡೋಜರ್ ಬಂದರೆ ಬಾಗಿಲು ಕಿಟಕಿಯೂ ದಕ್ಕುವುದಿಲ್ಲ ಎಂದು ಅವರೇ ಮುಂದಾಗಿ ಕೆಡವಿದ್ದರು. ಬಾಗಿಲು, ಕಿಟಕಿ, ತಗಡು ಎಲ್ಲ ಗಾಡಿಗೆ ಹೇರಿ, ಅದರ ಮೇಲೆ ಮಕ್ಕಳನ್ನು ಕೂರಿಸಿ, ಹೆಂಡತಿಯ ತವರಿಗೆ ಹೋಗಿದ್ದರು.

“ಅಲ್ಲೀವರೆಗೂ ನಾನು, ಇನ್ನೂ ಏನೂ ಆಗಿಲ್ಲ ಅಂದ್ಕೊಂಡಿದ್ದೆ,” ಎನ್ನುತ್ತಾರೆ ಅಂಟಣ್ಣ.

ನಾನೂ ಆ ಜಾಗ ನೋಡಿ ಬಂದೆ. ಗೋಡೆಗಳು ಇಲ್ಲ, ನೆಲ ಇದೆ. ಒಲೆ ಇದ್ದ ಕಡೆ ಕಪ್ಪಾಗಿದೆ. ಒಲೆಯಿಂದ ಹೊರಗಿನವರೆಗೆ ದಿನವೂ ಯಾರೋ ನಡೆದ ಗುರುತು ಸವೆದು ನುಣುಪಾಗಿದೆ. ಅದನ್ನು ತುಳಿಯಲಾಗದೆ ಸುತ್ತಿ ಬಂದೆ.

ಮುಖ್ಯಸ್ಥೆಯ ಕೋಣೆಗೆ ಅಂಟಣ್ಣ ಅದುವರೆಗೆ ಹೋಗಿದ್ದದ್ದು ಕಪಾಟಿನ ಕೀಲು ಸರಿಮಾಡಲು ಮಾತ್ರ. ಈ ಸಲ ಬಾಗಿಲಲ್ಲೇ ನಿಂತು, ಹೆಂಡತಿ ಹೇಳಿಕೊಟ್ಟಂತೆಯೇ, ಆರು ಮನೆ ನಾನು ತೆಗೆದೆ ಎಂದರು. ಮುಖ್ಯಸ್ಥೆಗೆ ಅರ್ಥವಾಗಲಿಲ್ಲ. ಅಂಟಣ್ಣ ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದರು. ಮುಖ್ಯಸ್ಥೆ ಎದ್ದು ಬಾಗಿಲು ಹಾಕಿದರು. ಇದು ಬೇರೆ ಯಾರಿಗೆ ಗೊತ್ತು ಎಂದು ಕೇಳಿದರು.

“ಹೆಂಡ್ತಿಗೆ ಗೊತ್ತು,” ಎಂದರು ಅಂಟಣ್ಣ. “ಅಂದ್ರೆ ಇಷ್ಟೊತ್ತಿಗೆ ಹೊಲಿಗೆಗೆ ಬಂದೋರಿಗೆಲ್ಲಾ ಗೊತ್ತಿರುತ್ತೆ.”

ಆ ಪ್ರಶ್ನೆ ಯಾಕೆ ಕೇಳಿದಿರಿ ಎಂದು ನಾನು ಮುಖ್ಯಸ್ಥೆಯನ್ನು ಕೇಳಿದೆ. ಅವರು ತಡವರಿಸಲಿಲ್ಲ. ಮುಚ್ಚಿಡಬಹುದೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ ಎಂದರು. ಕೇಂದ್ರದ ಹೆಸರು, ಜೊತೆಗಿದ್ದ ಕಿರಿಯರ ಓದು, ಎಲ್ಲ ಕಣ್ಣ ಮುಂದೆ ಬಂತಂತೆ. ಆಮೇಲೆ ಹೇಳಿದ ಮಾತನ್ನು ಅವರದೇ ಮಾತಿನಲ್ಲಿ ಇಡುತ್ತೇನೆ. “ಆ ಹಸಿರನ್ನ ನಾವೆಲ್ಲಾ ನೋಡಿದ್ವಿ. ಮೆಚ್ಕೊಂಡ್ವಿ. ಅದರ ನೆರಳು ಅಳೆದ್ವಿ. ಅಲ್ಲಿ ಮೊದಲು ಏನಿತ್ತು ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ಪ್ರಬಂಧವನ್ನು ಅವರು ಹಿಂದಕ್ಕೆ ಪಡೆದರು. ನಗರಸಭೆಗೆ ತಾವೇ ಹೋಗಿ ನಡೆದದ್ದನ್ನು ಹೇಳಿದರು. ಒಪ್ಪಿಗೆಯಾದ ನಕ್ಷೆ ಬದಲಾಗಬೇಕಾದರೆ ಹೊಸ ಮಾದರಿ ಮತ್ತೆ ಸಭೆಯ ಮುಂದೆ ಬರಬೇಕು ಎಂದರು ಅಲ್ಲಿಯವರು. ಆಗದು ಎಂದೂ ಹೇಳಲಿಲ್ಲ, ಆಯಿತು ಎಂದೂ ಹೇಳಲಿಲ್ಲ. ಮುಖ್ಯಸ್ಥೆ ಅಂಟಣ್ಣನನ್ನು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಹೊಸದನ್ನು ನೀವೇ ಮಾಡಬೇಕು ಎಂದಷ್ಟೇ ಹೇಳಿದರು. ನಾನು ನಸುಕಿನಲ್ಲಿ ನೋಡಿದ್ದು ಆ ಓಣಿಯ ಕೊನೆಯ ಮನೆ ಕೂರುವುದನ್ನು.

ವ್ಯಾನಿನಲ್ಲಿ ಅಂಟಣ್ಣ ಮುಂದೆ ಕೂರುವುದಿಲ್ಲ. ಹಿಂದೆ ನೆಲದ ಮೇಲೆ ಕೂತು, ಗುಂಡಿ ಬಂದಾಗಲೆಲ್ಲ ಊರಿನ ಎರಡು ತುದಿಗಳನ್ನು ಹಿಡಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ಮಾದರಿಯನ್ನು ಸಭಾಂಗಣದಲ್ಲಿ ಇಳಿಸಿ ವಾಪಸಾಗುವವರು ಇವತ್ತು ಗೋಡೆಯ ಪಕ್ಕ ನಿಂತರು. ಹಿಂದಿನ ಸಾಲಿನಲ್ಲಿ ಓಣಿಯವರು ಕೂತಿದ್ದರು. ಸಭೆ ಶುರುವಾಗುವ ಮೊದಲು ಅಜ್ಜಿ ಎದ್ದು ಬಂದು, ಮಾದರಿಯಲ್ಲಿ ತಮ್ಮ ಮನೆ ಯಾವುದೆಂದು ಕೇಳಿದರು. ಅಂಟಣ್ಣ ಸೂಜಿಯಿಂದ ತೋರಿಸಿದರು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

“ಇಷ್ಟೇನಾ? ಅದಕ್ಕೇ ಇವರಿಗೆ ಕಾಣ್ಸಿಲ್ಲ.”

ಮುಖ್ಯಸ್ಥೆ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಅಂಟಿನ ವಿಷಯ ಬಂದಾಗ ಸಭೆಯಲ್ಲಿ ಕೆಲವರು ನಕ್ಕರು. ಕೆಂಪು ಗುರುತಿನ ವಿಷಯ ಬಂದಾಗ ಯಾರೂ ನಗಲಿಲ್ಲ. ಮುಖ್ಯಸ್ಥೆ ಮುಂದುವರಿಸಿ, ಹಸಿರು ಬೇಕೇ ಬೇಕು, ಅದನ್ನು ಯಾರೂ ವಾಸವಿಲ್ಲದ ಕಾಲುವೆ ದಂಡೆಗೆ ತೆಗೆದುಕೊಂಡು ಹೋಗೋಣ ಎಂದರು. ಆಮೇಲೆ ನಗರಸಭೆಯ ಎಂಜಿನಿಯರ್ ಮಾದರಿಯ ಸುತ್ತ ಒಂದು ಸುತ್ತು ಬಂದರು. ಬಾಗಿ ನೋಡಿದರು. ಮಾದರಿಯಲ್ಲಿ ಆರು ಮನೆ ಇದೆ, ಓಣಿಯಲ್ಲಿ ಈಗ ಇರುವುದು ಐದೇ ಅಲ್ಲವೇ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆ ಒಂದು ಜಾಗ ಹೇಗೂ ಖಾಲಿಯಾಗಿದೆ, ಅಲ್ಲೊಂದು ಮರ ತೋರಿಸಿಬಿಡಿ, ಎಲ್ಲರಿಗೂ ಸಮಾಧಾನವಾಗುತ್ತದೆ ಎಂದರು.

ಮುಖ್ಯಸ್ಥೆ ಗೋಡೆಯ ಕಡೆ ನೋಡಿದರು. ಅಂಟಣ್ಣ ಅಲ್ಲಿಂದಲೇ ಮಾತಾಡಿದರು. ದನಿ ಸಣ್ಣದಾಗಿತ್ತು, ಆದರೂ ಕೇಳಿಸಿತು.

“ಬೇಡ ಸಾರ್. ಅದು ಖಾಲಿ ಜಾಗ ಅಲ್ಲ. ಮನೆ. ನಾನು ತೆಗ್ದಿದ್ದು.”

ಎಂಜಿನಿಯರ್ ಇನ್ನೊಮ್ಮೆ ಬಾಗಿದರು. ನೆಟ್ಟಗಾಗಿ, ಇರಲಿ ಬಿಡಿ ಎಂದರು. ಸದಸ್ಯರು ಕೈ ಎತ್ತಿದರು. ಓಣಿ ಇದ್ದ ಹಾಗೇ ಉಳಿಯುತ್ತದೆ, ಆರನೆಯ ಜಾಗದಲ್ಲಿ ಮನೆ ಮತ್ತೆ ಕಟ್ಟಿಕೊಳ್ಳಬಹುದು ಎಂದು ತೀರ್ಮಾನವಾಯಿತು. ಚಪ್ಪಾಳೆ ಬೀಳಲಿಲ್ಲ. ಬಾಗಿಲ ಮೇಲಿನ ಬಣ್ಣ ಒರೆಸಲು ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಎಂದು ಅಜ್ಜಿ ಪಕ್ಕದವರನ್ನು ಕೇಳುತ್ತ ಹೊರಟರು.

ಹೊರಗೆ ವ್ಯಾನಿನ ನೆರಳಲ್ಲಿ ಅಂಟಣ್ಣ ಕೈ ಒರೆಸಿಕೊಳ್ಳುತ್ತಿದ್ದಾರೆ. ಇನ್ನು ನಿಮಗೇನು ಬೇಕು ಎಂದು ಕೇಳುತ್ತೇನೆ. ಕೆಲಸ ಕಾಯಂ ಆಗಬೇಕು ಎನ್ನುತ್ತಾರೇನೋ ಎಂದುಕೊಂಡಿದ್ದೆ. ಬೀಗ ರಿಪೇರಿಯವರು ಹೋಗಿರುವ ಊರಿನ ದಾರಿಯನ್ನು ಅವರು ಅಜ್ಜಿಯಿಂದ ಕೇಳಿಕೊಂಡಿದ್ದಾರೆ. ಭಾನುವಾರ ಹೆಂಡತಿಯ ಜೊತೆ ಹೋಗುತ್ತಾರಂತೆ. ಏನು ಹೇಳಬೇಕು ಎಂದು ಇನ್ನೂ ಗೊತ್ತಿಲ್ಲ.

“ಬೈತಾರೆ. ಬೈಲಿ,” ಎನ್ನುತ್ತಾರೆ. ಮತ್ತೆ ಹೇಳುತ್ತಾರೆ. “ನಕ್ಷೆಯಲ್ಲಿ ಬಾಗಿಲು ಇರಲ್ಲ, ಗೋಡೆ ಮಾತ್ರ ಇರುತ್ತೆ. ಅವರ ಮನೆ ಬಾಗಿಲು ನಲ್ಲಿ ಕಡೆಗಿತ್ತು ಅಂತ ಅಜ್ಜಿ ಹೇಳಿದ್ರು. ಮಾಡೆಲ್ಲಲ್ಲೂ ನಾನು ನಲ್ಲಿ ಕಡೆಗೇ ಇಟ್ಟಿದೀನಿ. ಸರಿಯಾಗಿದ್ಯಾ ಅಂತ ಅವರನ್ನೇ ಕೇಳ್ಬೇಕು.”